ಮೇಜಿನಡಿಗೆ ಹೋದ ಹೋಳು

ಚಕ್ರ ಕಿರುಗುಟ್ಟಿತು, ನಿಂತಿತು, ಅಂದರೆ ಇನ್ನೊಬ್ಬರಿಗೆ ಸೂಜಿ ಆಯಿತು, ಈಗ ಮತ್ತೆ ಕಿರುಗುಟ್ಟುತ್ತದೆ — ಡಾಕ್ಟರ ಆ ಗಾಲಿ ಸ್ಟೂಲಿಗೆ ಯಾರಾದರೂ ಒಂದು ತೊಟ್ಟು ಎಣ್ಣೆ ಬಿಡಬಾರದೇ, ಇಷ್ಟು ದೊಡ್ಡ ಶಾಲೆಯ ಆಟದ ಹಾಲ್‌ನಲ್ಲಿ ಅದೊಂದೇ ಸದ್ದು, ಉಳಿದದ್ದೆಲ್ಲ ಮಾಸ್ಕಿನೊಳಗಿನ ಉಸಿರು, ಮುದುಕರು ಮುದುಕಿಯರು ಪರೀಕ್ಷೆಗೆ ಕೂತ ಮಕ್ಕಳ ಹಾಗೆ ಸಾಲಾಗಿ ಕೂತಿದ್ದಾರೆ, ಎಡತೋಳಿನ ಬಟ್ಟೆ ಮೇಲೇರಿಸಿಕೊಂಡು, ಯಾರೂ ಏಳಬೇಕಾಗಿಲ್ಲ, ಡಾಕ್ಟರೇ ಸ್ಟೂಲಿನ ಮೇಲೆ ಕೂತು ಕಾಲಿನಿಂದ ನೆಲ ತಳ್ಳುತ್ತ ಒಬ್ಬರಿಂದ ಒಬ್ಬರಿಗೆ ಜಾರಿಕೊಂಡು ಬರುತ್ತಾರೆ, ಒಳ್ಳೆಯ ಏರ್ಪಾಡು, ಆದರೆ ಹೀಗೆ ಕೂರಿಸಿಬಿಟ್ಟರೆ ಎದ್ದು ಹೋಗುವುದಕ್ಕೂ ಆಗುವುದಿಲ್ಲ, ಅದು ಅವರಿಗೂ ಗೊತ್ತಿರಬೇಕು. ನಮ್ಮದು ಹನ್ನೊಂದನೆಯ ಕುರ್ಚಿ, ಡಾಕ್ಟರು ಈಗ ಎರಡರಲ್ಲಿದ್ದಾರೆ, ನಡುವೆ ಎಂಟು ಜನ, ಎಂಟು ಜನ ಎಂದರೆ ಎಷ್ಟು ಹೊತ್ತು, ಒಬ್ಬರಿಗೆ ಒಂದೂವರೆ ನಿಮಿಷ, ಪ್ರಶ್ನೆ ಕೇಳುವವರಿಗೆ ಎರಡು. ಅತ್ತೆಯ ಕುರ್ಚಿಯ ಹಿಂದೆ ನಿಂತಿದ್ದೇನೆ, ಹಿಂದಿನಿಂದ ನೋಡಿದರೆ ಎಷ್ಟು ಚಿಕ್ಕವರಾಗಿ ಕಾಣುತ್ತಾರೆ, ನಿಂಬೆಹಣ್ಣಿನಷ್ಟು ತುರುಬು, ಬೆಳಿಗ್ಗೆ ನಾನೇ ಕಟ್ಟಿದ್ದು, ಕತ್ತಿನ ಹಿಂದೆ ಎರಡು ನರ, ನಡುವೆ ಒಂದು ಗುಳಿ, ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದರೂ ಆ ಗುಳಿಯನ್ನು ಇವತ್ತೇ ನೋಡುತ್ತಿದ್ದೇನೆ. ಹೆಗಲ ಚೀಲದಲ್ಲಿ ಫೋನು ನಡುಗಿತು, ತೆಗೆದು ನೋಡಬೇಕಾಗಿಲ್ಲ, ನನ್ನ ಗಂಡನ ಅಕ್ಕ ಶ್ಯೂಮಾನ್, ತೈಪೆಯಿಂದ, ದಿನಕ್ಕೆ ಮೂರು ಸಲ, ಅಮ್ಮ ಹೇಗಿದ್ದಾಳೆ, ಅಮ್ಮನ್ನ ಮನೆ ಬಿಟ್ಟು ಎಲ್ಲೂ ಕರ್ಕೊಂಡು ಹೋಗ್ಬೇಡ ಬಿಯುನ್, ಇಲ್ಲಿಗೆ ಬಂದದ್ದು ಶ್ಯೂಮಾನ್‌ಗೆ ಹೇಳಿಲ್ಲ, ನಡುಗಲಿ, ನಡುಗಿ ನಡುಗಿ ತಾನೇ ನಿಲ್ಲುತ್ತದೆ, ಬೆಳಿಗ್ಗೆ ಬಿಟ್ಟ ಆ ಬಿದಿರ ಹೋಳೂ ಹಾಗೇ, ನಡುಗಿ ನಡುಗಿ ನಿಲ್ಲಬೇಕು — ಬೇಡ, ಹೋಳಿನ ಯೋಚನೆ ಈಗ ಬೇಡ, ಅದು ಮನೆಯಲ್ಲಿ ದೇವರ ಮೇಜಿನ ಕೆಳಗೆ ಬಿದ್ದಿದೆ, ನಾನು ಬಗ್ಗಿ ನೋಡಲಿಲ್ಲ.

ಮೂರನೆಯ ಕುರ್ಚಿ. ಮೊದಲ ಸಲ ಚೀಟಿ ಬಂದಾಗ ನೋಡಿದ್ದೆನಲ್ಲ, ಅವತ್ತು ಚೆನ್ನಾಗಿಯೇ ನೋಡಿದ್ದೆ, ಮೂರು ಸಲವೂ, ಕಣ್ಣು ಬಿಟ್ಟುಕೊಂಡು. ಚೀಟಿ ಬಂದದ್ದು ಹದಿನಾರು ದಿನದ ಹಿಂದೆ, ಅಂಗಳದಲ್ಲಿ ಕೂತು ಸಮುದ್ರದ ಸಿಂಪಿಯನ್ನು ಚಿಪ್ಪಿನಿಂದ ಬಿಡಿಸುತ್ತಿದ್ದೆ, ಊರ ಅಧ್ಯಕ್ಷರು ಬೇಲಿಯಾಚೆ ನಿಂತೇ ಚೀಟಿ ಚಾಚಿದರು, ನೋಡಮ್ಮ, ರೋಗದ ಲಸಿಕೆ, ಎಂಬತ್ತೈದು ದಾಟಿದವರಿಗೆ ಮೊದಲು, ಶುಕ್ರವಾರ ಹತ್ತು ಗಂಟೆಗೆ ಕರ್ಕೊಂಡು ಬಾ. ಒದ್ದೆ ಕೈಗವಸಿನಲ್ಲೇ ತೆಗೆದುಕೊಂಡೆ, ಅತ್ತೆಯ ಹೆಸರು ಅರ್ಧ ಕದಡಿತು, ಬೋಂಗ್‌ಚಿ, ಹುಟ್ಟಿದ್ದು ಹೆಣ್ಣು, ಇರಲಿ, ಸಾಕೋಣ ಎಂದು ಅವರಪ್ಪ ಇಟ್ಟ ಹೆಸರು, ಆ ಕಾಲದಲ್ಲಿ ಊರಿಗೆ ನಾಲ್ಕು ಜನ ಬೋಂಗ್‌ಚಿಯರಿದ್ದರಂತೆ, ಎಂಬತ್ತಾರು ವರ್ಷವಾದ ಮೇಲೆ ಸರ್ಕಾರ ಮೊದಲು ಕರೆದದ್ದು ಆ ಬೇಡದ ಹುಡುಗಿಯನ್ನೇ. ಅತ್ತೆ ಚೀಟಿಯನ್ನು ಬೆರಳಿನಿಂದ ಸವರಿದರು, ಕಣ್ಣಿಗೆ ಪೊರೆ ಬಂದು ನಾಲ್ಕು ವರ್ಷ, ಬೆಳಕು ನೆರಳು ಮಾತ್ರ ತಿಳಿಯುತ್ತದೆ, ಆಪರೇಷನ್ನಿಗೂ ಒಪ್ಪಿರಲಿಲ್ಲ, ನಂಗೇನು ಗೊತ್ತಾಗುತ್ತೆ, ವಾಂಗ್ಯೆನ ಕೇಳು ಅಂದರು. ಸರಿ, ಪಿಡುಗನ್ನು ದೋಣಿಗೆ ಹತ್ತಿಸಿ ಸಮುದ್ರಕ್ಕೆ ಅಟ್ಟುವ ದೇವರು ವಾಂಗ್ಯೆ, ಈ ವಿಷಯ ಅವನನ್ನಲ್ಲದೆ ಇನ್ನಾರನ್ನು ಕೇಳಬೇಕು, ಗುಡಿ ಮುಚ್ಚಿತ್ತು, ಆದರೆ ನಮ್ಮ ಮನೆಯ ಮೇಜಿನ ಮೇಲೂ ಅವನಿದ್ದಾನೆ, ಹೊಗೆ ಹಿಡಿದು ಮೂಗು ಮುಖ ಒಂದಾಗಿದೆ. ಮುಂದೆ ತಟ್ಟೆಯಲ್ಲಿ ಎರಡು ಹೋಳು, ಬಿದಿರಿನ ಬೇರಿನದು, ಅರ್ಧಚಂದ್ರದ ಹಾಗೆ, ಒಂದು ಬದಿ ಚಪ್ಪಟೆ, ಒಂದು ಬದಿ ಉಬ್ಬು, ಎಷ್ಟು ಕೈಯಲ್ಲಿ ಸವೆದಿವೆಯೋ. ಎರಡನ್ನೂ ಜೋಡಿಸಿ ಹಿಡಿದು ಪ್ರಶ್ನೆ ಹೇಳಿ ನೆಲಕ್ಕೆ ಬಿಡುವುದು, ಒಂದು ಚಪ್ಪಟೆ ಒಂದು ಉಬ್ಬು ಮೇಲಾದರೆ ದೇವರು ಆಗಲಿ ಅಂದ, ಎರಡೂ ಉಬ್ಬು ಮೇಲಾಗಿ ಮಗುಚಿಕೊಂಡರೆ ಬೇಡ ಅಂದ, ಎರಡೂ ಚಪ್ಪಟೆ ಮೇಲಾದರೆ ನಕ್ಕ, ಮತ್ತೆ ಕೇಳಬೇಕು. ಜೀವದ ವಿಷಯಕ್ಕೆ ಮೂರು ಸಲ ಬಿಡದೆ ಆಗಲಿ ಬರಬೇಕು. ಅತ್ತೆಗೆ ಮೊಣಕಾಲು ಊರಲು ಆಗುವುದಿಲ್ಲ, ಬಿದ್ದದ್ದು ಕಾಣುವುದಿಲ್ಲ, ನಾಲ್ಕು ವರ್ಷದಿಂದ ಆ ಮನೆಯಲ್ಲಿ ದೇವರ ಕೈಯೂ ನಾನೇ ಕಣ್ಣೂ ನಾನೇ.

ಕಿರುಗುಟ್ಟಿತು, ನಾಲ್ಕು. ನಾಲ್ಕನೆಯ ಕುರ್ಚಿಯ ಮುದುಕ ಏನೋ ಕೇಳುತ್ತಿದ್ದಾನೆ, ಜನ ಸಾಯ್ತಾರಲ್ಲ ಡಾಕ್ಟ್ರೇ, ಅದು ಇದೇನಾ, ಡಾಕ್ಟರು ಸಿರಿಂಜು ಎತ್ತಿ ನೋಡುತ್ತ ಅನ್ನುತ್ತಾರೆ, ತಾತ, ನಾನೂ ಇದನ್ನೇ ಹಾಕಿಸ್ಕೊಂಡಿದ್ದು, ಸತ್ತಿದ್ರೆ ಇವತ್ತು ರಜಾ ಆದ್ರೂ ಸಿಗ್ತಿತ್ತು. ಎರಡು ಮೂರು ಜನ ನಕ್ಕರು, ನನಗೆ ನಗು ಬರಲಿಲ್ಲ, ನಮ್ಮ ಕೇರಿಯ ಕೊನೆಯ ಮನೆಯ ಮುದುಕನೂ ಹೀಗೇ ನಕ್ಕಿದ್ದ, ಅವನ ಸೊಸೆ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ ಮೊದಲ ದಿನವೇ ಹಾಕಿಸಿಕೊಂಡು ಬಂದಳು, ಮೂರನೆಯ ದಿನ ಬೆಳಿಗ್ಗೆ ಅವನು ಏಳಲಿಲ್ಲ, ಹೃದಯ ಅಂದರು ಡಾಕ್ಟರು, ಮೊದಲಿಂದಲೂ ಕೆಟ್ಟಿದ್ದ ಹೃದಯ, ಯಾರು ಕೇಳುತ್ತಾರೆ. ಅವನ ಹೆಣ್ಣುಮಕ್ಕಳಿಬ್ಬರು ಬಂದರು, ನಮ್ಮಲ್ಲಿ ಹೆತ್ತವರು ಸತ್ತರೆ ಮದುವೆಯಾಗಿ ಹೋದವರು ಬಾಗಿಲಿಂದ ಮಂಡಿಯೂರಿ ತೆವಳಿಕೊಂಡು ಅಳುತ್ತ ಒಳಗೆ ಬರಬೇಕು, ಬಂದರು, ಮಾಸ್ಕು ಒದ್ದೆಯಾಗಿ ಬಾಯಿಗೆ ಅಂಟಿತ್ತು, ದೊಡ್ಡವಳು ಅಷ್ಟು ಅಳುವಿನ ನಡುವೆ ಒಂದೊಂದೇ ಮಾತು ಬಿಡಿಸಿ ಹೇಳಿದಳು, ಅಪ್ಪಾ, ನಿನ್ನನ್ನ ಸ್ಕೂಟರ್ ಮೇಲೆ ಕೂರಿಸ್ಕೊಂಡು ಹೋದೋರು ಯಾರಪ್ಪ. ಆ ಸೊಸೆ ಗೋಡೆಗೆ ಒರಗಿ ನಿಂತಿದ್ದಳು, ಕೈಯಲ್ಲಿ ಸ್ಕೂಟರಿನ ಕೀಲಿ ಹಾಗೇ ಇತ್ತು, ಎಲ್ಲಿ ಇಡುವುದೆಂದು ಅವಳಿಗೆ ತೋಚಲಿಲ್ಲ. ಬೇಲಿಯಾಚೆಯಿಂದ ನೋಡಿದೆ, ನೋಡಬಾರದಿತ್ತು. ಅವತ್ತೇ ಸಂಜೆ ಶ್ಯೂಮಾನ್ ಫೋನು, ಅಮ್ಮಂಗೆ ಚೀಟಿ ಬಂತಂತೆ, ಟೀವಿ ನೋಡ್ತಿದ್ದೀಯ ತಾನೇ, ನಾನು ಬೇಡ ಅನ್ನಲ್ಲ, ಬೇಕು ಅಂತಲೂ ಅನ್ನಲ್ಲ, ಆದ್ರೆ ಕರ್ಕೊಂಡು ಹೋಗೋಳು ನೀನು, ಏನಾದ್ರೂ ಆದ್ರೆ ಉತ್ತರ ಹೇಳ್ಬೇಕಾದೋಳೂ ನೀನೇ, ಅದನ್ನ ತಿಳ್ಕೊಂಡಿರು. ಜಾಣೆ, ಎರಡು ಕಡೆಯೂ ಕಾಲು ಒದ್ದೆಯಾಗದ ಹಾಗೆ ನಿಂತಿದ್ದಾಳೆ. ಗಂಡ ಜಿನ್‌ಶುನ್ ಸಿಂಪಿ ಬೆಳೆಸುವ ಹಗ್ಗಗಳನ್ನು ಹೊಸೆಯುತ್ತಿದ್ದವನು ತಲೆಯನ್ನೂ ಎತ್ತಲಿಲ್ಲ, ಅಮ್ಮನ ವಿಷಯ ನಿಂಗೇ ಚೆನ್ನಾಗಿ ಗೊತ್ತು, ನೀನೇ ನೋಡ್ಕೋ, ಅವರ ಹೊಟ್ಟೆಯಲ್ಲಿ ಹುಟ್ಟಿದವನು ಅವನು, ನೋಡಿಕೊಳ್ಳುವವಳು ನಾನು. ಟೀವಿಯಲ್ಲಿ ಕೆಂಪು ಪಟ್ಟಿ ಓಡುತ್ತಿತ್ತು, ರೋಗದಿಂದ ಸತ್ತವರು ಬರೀ ಸಂಖ್ಯೆ, ಸೂಜಿ ಹಾಕಿಸಿಕೊಂಡ ಮೇಲೆ ಸತ್ತವರಿಗೆ ವಯಸ್ಸುಂಟು, ಊರುಂಟು, ಎಂಬತ್ತೆರಡು, ಹೆಂಗಸು, ರಕ್ತದೊತ್ತಡ, ನನಗೆ ಒಬ್ಬೊಬ್ಬರ ಹಿಂದೆಯೂ ಒಬ್ಬಳು ಸೊಸೆ ಕಾಣುತ್ತಿದ್ದಳು, ಕೈಯಲ್ಲಿ ಕೀಲಿ. ರೋಗ ಬಂದರೆ ಗಾಳಿ ತಂದದ್ದು, ಸೂಜಿಯಿಂದ ಏನಾದರೂ ಆದರೆ ಬಿಯುನ್ ತಂದದ್ದು, ಲೆಕ್ಕ ಇಷ್ಟೇ ಸರಳ, ಇದನ್ನು ಯಾವ ಡಾಕ್ಟರಿಗೂ ಹೇಳಲಾಗುವುದಿಲ್ಲ.

ಐದು, ಆರು, ಬೇಗ ಬೇಗ ಬರುತ್ತಿದ್ದಾರೆ, ಯಾಕೆ ಇಷ್ಟು ಅವಸರ. ಚೀಟಿ ಬಂದ ನಾಲ್ಕನೆಯ ದಿನ ಮಂಡಿಯೂರಿದೆ, ಅತ್ತೆ ಪಕ್ಕದ ಬೆತ್ತದ ಕುರ್ಚಿಯಲ್ಲಿ, ಬೋಂಗ್‌ಚಿಗೆ ಸೂಜಿ ಹಾಕಿಸಲೇ ವಾಂಗ್ಯೆ ಎಂದು ಕೇಳಿದೆ, ಬಿಟ್ಟೆ, ಒಂದು ಹೋಳು ಟಪ್ಪೆಂದು ಮಗುಚಿತು, ಇನ್ನೊಂದು ಉಬ್ಬಿನ ಮೇಲೆ ಬಿದ್ದು ತೊಟ್ಟಿಲಿನ ಹಾಗೆ ಆಡಿತು, ಟೊಕ್ ಟೊಕ್ ಟೊಕ್, ಕೆಂಪು ಹಾಸುಗಲ್ಲಿನ ಮೇಲೆ, ಸಣ್ಣದಾಗುತ್ತ ನಿಂತಿತು, ಚಪ್ಪಟೆ ಮೇಲೆ. ಆಗಲಿ. ಎರಡನೆಯ ಸಲವೂ ಒಂದು ಟಪ್, ಒಂದು ಟೊಕ್ ಟೊಕ್. ಆಗಲಿ. ಮೂರನೆಯ ಸಲ ಬಿಡುವ ಮುಂಚೆ ಮಗುಚಿಕೋ ಮಗುಚಿಕೋ ಎಂದು ಬೇಡಿದೆ, ದೇವರ ಮುಂದೆ ಕೂತು ದೇವರ ಮಾತು ಕೆಡಲಿ ಎಂದು ಬೇಡಿದವಳು ನಾನು, ಅದೂ ಆಡಿತು, ಟೊಕ್ ಟೊಕ್ ಟೊಕ್ ಟೊಕ್, ಎಲ್ಲಕ್ಕಿಂತ ಹೆಚ್ಚು ಹೊತ್ತು, ಮತ್ತೆ ನಿಂತಿತು. ಮೂರನೆಯದೂ ಆಗಲಿ. ಏನಂದ ಎಂದರು ಅತ್ತೆ. ಬೇಡವಂತೆ ಅಬು, ಎಂದೆ. ಹೆತ್ತವಳನ್ನು ಕರೆಯುವ ಅದೇ ಮಾತಿನಿಂದ ಅತ್ತೆಯನ್ನೂ ಕರೆಯಬೇಕು ಇಲ್ಲಿ, ಆ ಮಾತಿಟ್ಟುಕೊಂಡೇ ಸುಳ್ಳು ಹೇಳಿದೆ, ನಾಲಿಗೆ ತೊದಲಲಿಲ್ಲ. ಸರಿ ಹಾಗಾದ್ರೆ, ಗಂಜಿ ಬಡಿಸು ಅಂದರು, ಗೆಣಸಿನ ಗಂಜಿ, ಒಣಮೂಲಂಗಿ, ನಾನೂ ಎರಡು ಬಟ್ಟಲು ಉಂಡೆ, ನಾಲ್ಕು ದಿನದಿಂದ ಗಂಟಲಿಳಿಯದ ಅನ್ನ ಅವತ್ತು ಸಲೀಸಾಗಿ ಇಳಿಯಿತು, ನನ್ನ ಮೇಲೆ ನನಗೇ ಹೇಸಿಗೆಯಾಗಬೇಕಿತ್ತು, ಆಗಲಿಲ್ಲ, ನಿರಾಳವಾಯಿತು, ಅದನ್ನೇ ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ. ಶ್ಯೂಮಾನ್‌ಗೆ ಹೇಳಿದೆ, ದೇವರು ಬೇಡ ಅಂದ್ರು ಅಕ್ಕ, ಅವಳೂ ನಿಟ್ಟುಸಿರು ಬಿಟ್ಟಳು, ದೇವರೇ ಹೇಳಿದ ಮೇಲೆ ನಾವ್ಯಾರು. ಎಲ್ಲರೂ ಕೈ ತೊಳೆದುಕೊಂಡೆವು, ಒಂದೇ ನೀರಿನಲ್ಲಿ.

ಏಳು. ಆದರೆ ಮಾತು ನಮ್ಮ ಮನೆಯಲ್ಲೇ ನಿಲ್ಲಲಿಲ್ಲವಲ್ಲ, ಅದಕ್ಕೇನು ಬೇಲಿಯೇ ಮಾಸ್ಕೇ. ಎದುರು ಮನೆಯ ಅಬಾನ್ ಅಜ್ಜಿ, ಅತ್ತೆಯೂ ಅವರೂ ಒಂದೇ ವರ್ಷ ಈ ಕೇರಿಗೆ ಸೊಸೆಯರಾಗಿ ಬಂದವರು, ಸಂಜೆಯಾದರೆ ಇವರು ಕಿಟಕಿಯಲ್ಲಿ ಅವರು ಕಿಟಕಿಯಲ್ಲಿ, ನಡುವೆ ಮೂರು ಮಾರು ದಾರಿ, ಕೂಗಿಕೊಂಡೇ ಮಾತು, ಅಬಾನ್ ಅಜ್ಜಿಗೂ ಚೀಟಿ ಬಂದಿತ್ತು, ಹೋಗ್ತೀಯೇನೇ ಎಂದು ಅವರು ಕೂಗಿದರು, ನಮ್ಮ ವಾಂಗ್ಯೆ ಬೇಡ ಅಂದ ಕಣೆ ಎಂದು ಇವರು ಕೂಗಿದರು, ಅಡುಗೆಮನೆಯಲ್ಲಿ ಕೇಳಿಸಿಕೊಂಡೆ, ಕೈಯಲ್ಲಿ ಸೌಟು, ಹೊರಗೆ ಹೋಗಿ ಹಾಗಲ್ಲ ಅನ್ನಬಹುದಿತ್ತು, ಎಷ್ಟು ಹೆಜ್ಜೆ, ಆರು ಹೆಜ್ಜೆ, ಹೋಗಲಿಲ್ಲ, ಸಾರು ಕಲಕಿದೆ. ನಿಮ್ಮ ದೇವರೇ ಅಂದ ಮೇಲೆ ನಂದೇನು ಎಂದು ಅಜ್ಜಿ ಚೀಟಿಯನ್ನು ನಾಲ್ಕಾಗಿ ಮಡಚಿ ಕುಂಟುವ ಊಟದ ಮೇಜಿನ ಕಾಲಿನ ಕೆಳಗೆ ತುರುಕಿದರಂತೆ, ಅದನ್ನು ನಗುತ್ತ ಹೇಳಿದರು, ಈಗ ಮೇಜು ಕುಂಟಲ್ಲ ನೋಡು. ಅವರ ಮಗ ಸಿಂಪಿ ತುಂಬಿಕೊಂಡು ತೈಪೆಯ ಮಾರುಕಟ್ಟೆಗೆ ಲಾರಿ ಓಡಿಸುತ್ತಾನೆ, ರೋಗ ಅಲ್ಲಿಂದಲೇ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಅವನಿಗೆ ಬರೀ ನೆಗಡಿ, ಅಜ್ಜಿಗೆ ನಾಲ್ಕು ದಿನ ಜ್ವರ, ಮೊನ್ನೆ ಬಿಳಿ ಅಂಗಿಯವರು ಬಂದು ಮಲಗಿಸಿಕೊಂಡು ಹೋದರು, ಕೇರಿಗೆಲ್ಲ ಔಷಧಿ ಹೊಡೆದರು, ಬಾಗಿಲಲ್ಲಿ ಅವರ ಚಪ್ಪಲಿ, ಒಂದು ನೆಟ್ಟಗೆ ಒಂದು ಮಗುಚಿ, ಅದನ್ನು ನೋಡಿ ನಾನು ಬಾಗಿಲು ಹಾಕಿಕೊಂಡೆ, ಆಗಲಿ ಆಗಲಿ ಆಗಲಿ ಎಂದು ನೆಲವೇ ಹೇಳುತ್ತಿತ್ತು. ಈಗ ಗಂಟಲಿಗೆ ನಳಿಗೆ ಹಾಕಿದ್ದಾರೆ, ಮಾತಿಲ್ಲ. ಅತ್ತೆ ಎರಡು ದಿನ ಕಿಟಕಿಯ ಹತ್ತಿರವೇ ಕೂತರು, ಊಟ ಬಿಟ್ಟರು, ಎದುರು ಮನೆಯಲ್ಲಿ ದೀಪ ಹಚ್ಚಿದ್ದಾರೇನೇ ಎಂದು ಕೇಳಿದರು, ಇಲ್ಲ ಅಬು, ಅಷ್ಟೇ ಮಾತು. ನಿನ್ನೆ ಅಧ್ಯಕ್ಷರು ಮತ್ತೆ ಬಂದರು, ಬಾರದವರ ಜಾಗ ಖಾಲಿ ಇದೆ, ನಾಳೆ ಒಂಬತ್ತಕ್ಕೆ, ಈ ಸಲ ದೇವರನ್ನ ಕೇಳೋದಾದ್ರೆ ಬೇಗ ಕೇಳಿ ಎಂದರು, ಕುಟುಕಿದರೋ, ನಿಜಕ್ಕೂ ಹೇಳಿದರೋ.

ಎಂಟು. ಎಂಟನೆಯ ಅಜ್ಜಿಗೆ ಸೂಜಿ ಹೋದದ್ದೇ ತಿಳಿಯಲಿಲ್ಲ, ಆಯ್ತಾ, ಆಯ್ತಾ ಎಂದು ಸುತ್ತ ಕೇಳುತ್ತಿದ್ದಾರೆ. ಇವತ್ತು ಬೆಳಿಗ್ಗೆ ಮಂಡಿಯೂರಿದಾಗ ನಿಶ್ಚಯ ಮಾಡಿಯೇ ಇದ್ದೆ, ಏನೇ ಬೀಳಲಿ ಆಗಲಿ ಅನ್ನುತ್ತೇನೆ, ಸುಳ್ಳನ್ನು ಸುಳ್ಳಿನಿಂದಲೇ ತೊಳೆಯುತ್ತೇನೆ, ಆದರೂ ಒಳಗೊಳಗೆ ಆಸೆ, ಮತ್ತೆ ಆಗಲಿ ಬಂದುಬಿಟ್ಟರೆ ಎಷ್ಟು ಚೆನ್ನ, ನನ್ನ ಕೈಯಿಂದ ಭಾರ ಇಳಿಯುತ್ತದೆ. ಬಿಟ್ಟೆ. ಒಂದು ಕಾಲ ಬಳಿಯೇ ಟಪ್ಪೆಂದು ಮಗುಚಿತು, ಇನ್ನೊಂದು ಅಂಚಿನ ಮೇಲೆ ಬಿದ್ದು ಓಡಿತು, ಹಾಸುಗಲ್ಲಿನ ಸಂದಿ ದಾಟಿ ದೇವರ ಮೇಜಿನ ಕೆಳಗೆ, ಹಳೆಯ ಊದುಬತ್ತಿ ಡಬ್ಬಗಳ ಹಿಂದೆ, ಕತ್ತಲಿಗೆ. ಅದು ಅಲ್ಲಾಡಿತೇ ಮಗುಚಿತೇ, ಕೇಳಿಸಲಿಲ್ಲ, ಹೊರಗೆ ಆಗಲೇ ಅಧ್ಯಕ್ಷರ ಧ್ವನಿವರ್ಧಕ ಒದರುತ್ತಿತ್ತು. ಬಗ್ಗಿ ನೋಡಬಹುದಿತ್ತು, ಕೆನ್ನೆ ನೆಲಕ್ಕೆ ಹಚ್ಚಿದರೆ ಕಾಣುತ್ತಿತ್ತು, ಬೆನ್ನು ಬಗ್ಗಲಿಲ್ಲ, ಮಗುಚಿ ಬಿದ್ದಿದ್ದರೆ ಅದನ್ನು ನೋಡಿಯೂ ಕರೆದುಕೊಂಡು ಬರುವಷ್ಟು ಧೈರ್ಯ ನನ್ನಲ್ಲಿಲ್ಲ, ಅದು ನನಗೆ ಗೊತ್ತು. ಆಯ್ತೇನೇ ಎಂದರು ಅತ್ತೆ. ಆಯ್ತು ಅಬು, ಬನ್ನಿ ಎಂದೆ. ಅವರು ಎದ್ದುಬಿಟ್ಟರು. ಇದೇ ನನಗೆ ಅರ್ಥವಾಗುತ್ತಿಲ್ಲ, ಬೆಳಗಿನಿಂದ ಮುಳ್ಳಿನ ಹಾಗೆ ಚುಚ್ಚುತ್ತಿದೆ, ಮೂರು ಸಲ ಬಿಡಬೇಕು, ಬಿಟ್ಟದ್ದು ಒಂದೇ ಸಲ, ಹುಟ್ಟಿದಾಗಿನಿಂದ ದೇವರನ್ನು ಮೂರು ಸಲ ಕೇಳಿದವರು ಇನ್ನೆರಡು ಎಲ್ಲಿ ಎಂದು ಕೇಳಲೇ ಇಲ್ಲ, ನನ್ನ ತೋಳು ಹಿಡಿದು ಸ್ಕೂಟರಿನ ಹಿಂದೆ ಕೂತರು, ದಾರಿಯುದ್ದಕ್ಕೂ ಅವರ ಎರಡು ಕೈ ನನ್ನ ಸೊಂಟದ ಮೇಲೆ. ಇಲ್ಲಿ ಬಾಗಿಲಲ್ಲಿ ಹುಡುಗಿ ಕಾಗದ ಕೊಟ್ಟಳು, ದಾರಕ್ಕೆ ಕಟ್ಟಿದ ಪೆನ್ನು, ಸಂಬಂಧ ಏನು, ಸೊಸೆ, ಮಗ ಬರ್ಲಿಲ್ವಾ, ಸಮುದ್ರದಲ್ಲಿದ್ದಾರೆ, ಸರಿ ಇಲ್ಲಿ ನೀವೇ ಸೈನ್ ಮಾಡಿ, ಮಾಡಿದೆ, ಸಿಂಪಿಯ ಚೂರಿ ತಾಗಿ ಗಾಯವಾದ ಬೆರಳು, ನನ್ನ ಹೆಸರು ಸೊಟ್ಟಗೆ ಬಂತು.

ಒಂಬತ್ತು. ಚೀಲದೊಳಗೆ ಫೋನು ಮತ್ತೆ ನಡುಗುತ್ತಿದೆ. ಹೇಳಿಬಿಡಬೇಕು, ಈಗಲೇ, ಸೂಜಿಗೆ ಮುಂಚೆ, ಏನಂದನೋ ಗೊತ್ತಿಲ್ಲದ ದೇವರ ಹೆಸರಿನಲ್ಲಿ ಇವರ ತೋಳು ಚಾಚಿಸಬಾರದು, ಅಬಾನ್ ಅಜ್ಜಿಯ ಮನೆಯ ಕತ್ತಲು ಒಂದು ಸಾಲದೇ. ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತೆ, ಅವರ ಮಾಸ್ಕು ನನ್ನ ಕಿವಿಯ ಹತ್ತಿರ, ಅಬು, ಒಂದು ಮಾತು ಹೇಳಬೇಕು ಎಂದೆ. ಅವರು ನೆಟ್ಟಗೆ ಎದುರಿಗೇ ನೋಡುತ್ತಿದ್ದರು, ಏನೂ ಕಾಣದಿದ್ದರೂ, ಮೆಲ್ಲಗೆ ಅಂದರು, ಅವತ್ತು ಅಲ್ಲಾಡ್ತು. ಏನು ಎಂದೆ. ಹೋಳು. ಮೂರು ಸಲಾನೂ ಒಂದು ಅಲ್ಲಾಡ್ತು. ಎಪ್ಪತ್ತು ವರ್ಷ ಕೇಳಿದ್ದೀನಿ ಕಣೆ ಆ ಸದ್ದು, ಕಣ್ಣು ಹೋದ್ರೆ ಕಿವೀನೂ ಹೋಯ್ತಾ. ಮಗುಚಿದ್ದು ಅಲ್ಲಾಡಲ್ಲ. — ಹಾಲ್‌ನ ಸದ್ದೆಲ್ಲ ದೂರ ಹೋಯಿತು, ಹನ್ನೆರಡು ದಿನ, ಹನ್ನೆರಡು ದಿನವೂ ಇವರಿಗೆ ಗೊತ್ತಿತ್ತು, ನಾನು ಬಡಿಸಿದ ಗಂಜಿ ಉಣ್ಣುವಾಗ ಗೊತ್ತಿತ್ತು, ಮತ್ಯಾಕೆ ಅಬು ಸುಮ್ಮನಿದ್ರಿ ಎಂದೆ, ನನ್ನ ದನಿಯೇ ನನಗೆ ಹೊಸದಾಗಿ ಕೇಳಿಸಿತು. ನಂಗೂ ಹೆದ್ರಿಕೆ ಇತ್ತು, ನೀನು ಬೇಡ ಅಂದೆ, ಬದುಕಿದೆ ಅನ್ನಿಸ್ತು. ನಿಂದು ಒಂದು ಸುಳ್ಳು ಬಿಡು. ಅಬಾನ್‌ಗೆ ಕೂಗಿ ಹೇಳ್ದೋಳು ನಾನು, ಗೊತ್ತಿದ್ದೂ ಹೇಳ್ದೆ. ಅವರ ಗಲ್ಲ ಮಾಸ್ಕಿನೊಳಗೆ ಅದುರುತ್ತಿತ್ತು, ನಾನು ಕೈ ಹಿಡಿದುಕೊಂಡೆ, ಏನೆಂದು ಸಮಾಧಾನ ಮಾಡಲಿ, ಇಬ್ಬರೂ ಕೂಡಿ ಮಾಡಿದ್ದು ಎಂದೇ, ಅದು ಸಮಾಧಾನವೇ. ಹಾಗಾದ್ರೆ ಇವತ್ತು, ಎಂದೆ, ಇವತ್ತು ಬಿದ್ದಿದ್ದು ನಿಮಗೆ ಕೇಳಿಸ್ತಾ ಅಬು. ಹೇಳಲಿ, ಇವರಾದರೂ ಹೇಳಲಿ, ಅಲ್ಲಾಡಿತು ಅನ್ನಲಿ, ಮಗುಚಿತು ಅನ್ನಲಿ, ಯಾವುದೋ ಒಂದು, ಇನ್ನೂ ಹೊತ್ತಿದೆ, ಎಬ್ಬಿಸಿಕೊಂಡು ಮನೆಗೆ ಹೋಗಬಹುದು — ಚಕ್ರ ಕಿರುಗುಟ್ಟಿತು, ಹತ್ತು. ಅವರು ತಲೆ ಆಡಿಸಿದರು. ಇವತ್ತು ದೇವರ ಮಾತು ಕೇಳಿಸ್ಲಿಲ್ಲ. ನೀನು ಬನ್ನಿ ಅಂದೆ, ಬಂದೆ.

ಬೋಂಗ್‌ಚಿ ಅಜ್ಜಿ ಯಾರು, ಡಾಕ್ಟರ ಸ್ಟೂಲು ನಮ್ಮ ಮುಂದೆ ಬಂದು ನಿಂತಿದೆ, ಜ್ವರ ಇದೆಯಾ, ಇಲ್ಲ, ಯಾವ ಮಾತ್ರೆಗಾದ್ರೂ ಅಲರ್ಜಿ ಇದೆಯಾ, ಇಲ್ಲ, ಹಾಕಿಸ್ಕೋತೀರಾ ಅಜ್ಜಿ, ಅತ್ತೆ ಮುಖ ನನ್ನ ಕಡೆ ತಿರುಗಿಸಿದರು, ಡಾಕ್ಟರೂ ನನ್ನ ಕಡೆ ನೋಡಿದರು, ಆ ಸೊಸೆಯ ಕೈಯ ಕೀಲಿ ನೆನಪಾಯಿತು, ತೆವಳುತ್ತ ಬರುವ ಶ್ಯೂಮಾನ್‌ಳ ಮಂಡಿ ಕಂಡಿತು, ಹಾಕಿ ಎಂದೆ. ತೋಳು ನಾನೇ ಹಿಡಿದೆ, ಒದ್ದೆ ಹತ್ತಿ, ಸಡಿಲ ಚರ್ಮ, ಸೂಜಿ ಒಳಗೆ ಹೋಯಿತು, ಅಷ್ಟೇ, ಇಷ್ಟಕ್ಕೇ, ತೋಳಿಗೆ ಅಂಟಿಸಿದ ಕಾಗದದ ಮೇಲೆ ಹೊತ್ತು ಬರೆದರು, ಅರ್ಧ ಗಂಟೆ ಇಲ್ಲೇ ಕೂರಿಸಿ, ಏನಾದ್ರೂ ಆದ್ರೆ ಕೈ ಎತ್ತಿ, ಚಕ್ರ ಕಿರುಗುಟ್ಟಿ ಹನ್ನೆರಡಕ್ಕೆ ಹೋಯಿತು. ಫೋನು ನಡುಗುತ್ತಲೇ ಇತ್ತು, ತೆಗೆದೆ, ಬಿಯುನ್ ಎಲ್ಲಿದ್ದೀಯ, ಅಮ್ಮ ಎಲ್ಲಿ, ಯಾಕೆ ಇಷ್ಟು ಹೊತ್ತು ಎತ್ತಲಿಲ್ಲ, ಶಾಲೆಯಲ್ಲಿದ್ದೀವಿ ಅಕ್ಕ, ಸೂಜಿ ಹಾಕಿಸ್ದೆ ಎಂದೆ. ಅವಳಂದಳು, ದೇವರು ಬೇಡ ಅಂದಿದ್ರಲ್ಲ. ದೇವರಲ್ಲ ಅಕ್ಕ, ಬೇಡ ಅಂದಿದ್ದೂ ನಾನೇ, ಇವತ್ತು ಕರ್ಕೊಂಡು ಬಂದಿದ್ದೂ ನಾನೇ. ಅವಳು ಏನೋ ಹೇಳುತ್ತಿದ್ದಾಳೆ, ಫೋನನ್ನು ಮಡಿಲಲ್ಲಿ ಮಗುಚಿಟ್ಟೆ, ಅತ್ತೆಯ ಮಣಿಕಟ್ಟು ಹಿಡಿದೆ, ಬೆರಳಿನ ಕೆಳಗೆ ನಾಡಿ, ಸಣ್ಣಗೆ, ಒಂದು, ಒಂದು, ಇನ್ನು ಇಪ್ಪತ್ತೆಂಟು ನಿಮಿಷ, ಮನೆಯಲ್ಲಿ ಯಾರೂ ಇಲ್ಲ, ಬಾಗಿಲು ಹಾಕಿದೆ, ಕೆಂಪು ಹಾಸುಗಲ್ಲಿನ ಮೇಲೆ ಒಂದು ಹೋಳು ಮಗುಚಿಕೊಂಡಿದೆ, ಇನ್ನೊಂದು ಮೇಜಿನಡಿ, ಡಬ್ಬಗಳ ಹಿಂದೆ, ಕತ್ತಲಲ್ಲಿ, ಇನ್ನೂ ನಿಂತಿಲ್ಲ, ಟೊಕ್, ನಿಲ್ಲುತ್ತಿಲ್ಲ, ಟೊಕ್, ಅಲ್ಲಾಡುತ್ತಿದೆ, ಟೊಕ್ —